ಸುಣ್ಣದ ಗೆರೆ ಹಾಕಿದವರ ಹೆಸರೆಲ್ಲಿ?

ನಮ್ಮ ಕಡೆ ಜಾತ್ರೆಗೆ ತೇರು ಎಷ್ಟು ಮುಖ್ಯವೋ ಕುಸ್ತಿಯೂ ಅಷ್ಟೇ ಮುಖ್ಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಬಹಳಷ್ಟು ಊರುಗಳಲ್ಲಿ ಜಾತ್ರೆ ಬಂತೆಂದರೆ ಜಂಗಿ ನಿಕಾಲಿ ಕುಸ್ತಿ, ಭಾರ ಎತ್ತುವ ಸ್ಪರ್ಧೆ, ತೆರೆಬಂಡಿ, ಕಬಡ್ಡಿ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಗೆದ್ದ ಪೈಲ್ವಾನನ ಹೆಸರು ಮೈಕಿನಲ್ಲಿ ಹತ್ತು ಸಲ ಕೇಳುತ್ತದೆ. ಬೆಳ್ಳಿ ಕಡಗ ಕೊಟ್ಟ ದಾನಿಗಳ ಹೆಸರು ಇಪ್ಪತ್ತು ಸಲ ಕೇಳುತ್ತದೆ. ಆದರೆ ಅಖಾಡದ ಮಣ್ಣು ಹದ ಮಾಡಿದವರು, ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಹಾಕಿದವರು, ಮನೆ ಮನೆ ತಿರುಗಿ ಪಟ್ಟಿ ಎತ್ತಿದವರು, ಗಾಯವಾದ ಹುಡುಗನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ದವಾಖಾನೆಗೆ ಓಡಿದವರು ಯಾರು? ಅವರ ಹೆಸರು ಒಮ್ಮೆಯೂ ಕೇಳುವುದಿಲ್ಲ.

ಈ ಜನರಿಗೆ ಒಂದು ಗುರುತು ಬೇಕು ಎಂಬುದು ನನ್ನ ವಾದ. ಇದು ಬರೀ ಶಾಲು, ಹಾರದ ಮಾತಲ್ಲ. ನಮ್ಮಂಥ ಸಾವಿರಾರು ಹುಡುಗ ಹುಡುಗಿಯರ ಓದು, ಉದ್ಯೋಗ ಎರಡಕ್ಕೂ ಸಂಬಂಧಪಟ್ಟ ಮಾತು.

ಅವರು ಮಾಡುವ ಕೆಲಸ ಏನು?

ಹೊರಗಿನಿಂದ ನೋಡುವವರಿಗೆ ಇದು ಸಣ್ಣ ಕೆಲಸ ಅನ್ನಿಸಬಹುದು. ಒಂದು ಖೋ ಖೋ ಅಂಕಣವನ್ನೇ ತೆಗೆದುಕೊಳ್ಳಿ. 27 ಮೀಟರ್ ಉದ್ದ, 16 ಮೀಟರ್ ಅಗಲದ ಜಾಗವನ್ನು ಕಲ್ಲು, ಮುಳ್ಳು ಇಲ್ಲದಂತೆ ಹಸನು ಮಾಡಬೇಕು. ಎರಡೂ ತುದಿಗೆ 120 ಸೆಂಟಿಮೀಟರ್ ಎತ್ತರದ ಕಂಬ ನೆಡಬೇಕು. ಕಂಬ ಅಲುಗಾಡಬಾರದು, ಅದರ ಮೈ ಒರಟಾಗಿದ್ದು ಕೈ ಸೀಳಬಾರದು. ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ. ಹೀಗಾಗಿ ಟ್ರ್ಯಾಕ್ಟರ್ ಇದ್ದವರ ಕೈಕಾಲು ಹಿಡಿದು ಗರಸು ತರಿಸಬೇಕು. ಇಷ್ಟೆಲ್ಲ ಆದ ಮೇಲೆ ಆಟ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು.

ಗರಡಿ ಮನೆಯ ಕೆಲಸ ಇದಕ್ಕಿಂತ ಹೆಚ್ಚು. ಕೆಂಪು ಮಣ್ಣು ತಂದು, ಜರಡಿ ಹಿಡಿದು, ಅದಕ್ಕೆ ಎಣ್ಣೆ, ಅರಿಶಿನ, ನಿಂಬೆರಸ ಬೆರೆಸಿ ಹದಕ್ಕೆ ತರಬೇಕು. ಉಸ್ತಾದರು ನಸುಕಿನ ಐದಕ್ಕೆ ಬಾಗಿಲು ತೆಗೆಯುತ್ತಾರೆ. ಹತ್ತು ಹನ್ನೆರಡು ವರ್ಷದ ಹುಡುಗರಿಗೆ ದಂಡ, ಬೈಠಕ್ ಹೊಡೆಸುತ್ತಾರೆ. ಯಾವ ಹುಡುಗ ಎರಡು ದಿನ ಬರಲಿಲ್ಲವೋ ಅವನ ಮನೆಗೇ ಹೋಗಿ ವಿಚಾರಿಸುತ್ತಾರೆ. ಇದಕ್ಕೆ ಪಗಾರ ಇಲ್ಲ. ಹಗಲು ಅವರು ಹೊಲದಲ್ಲೋ ಕಿರಾಣಿ ಅಂಗಡಿಯಲ್ಲೋ ದುಡಿಯುತ್ತಾರೆ.

ವಿಜಯಪುರ ಎಂದರೆ ಸೈಕ್ಲಿಂಗ್ ನೆನಪಾಗುವ ಜಿಲ್ಲೆ. ಇಲ್ಲಿ ಹೆದ್ದಾರಿಯೇ ಅಭ್ಯಾಸದ ಮೈದಾನ. ಲಾರಿ, ಬಸ್ಸುಗಳ ನಡುವೆ ಹುಡುಗರು ಸೈಕಲ್ ತುಳಿಯುವಾಗ ಹಿಂದಿನಿಂದ ಬೈಕಿನಲ್ಲಿ ಒಬ್ಬರು ಕಾವಲು ಇರಲೇಬೇಕು. ಆ ಬೈಕಿನ ಪೆಟ್ರೋಲ್ ಯಾರದು? ಬಹಳ ಸಲ ಅದನ್ನು ಓಡಿಸುವವರದ್ದೇ.

ಇನ್ನು ಪೊಲೀಸ್ ನೇಮಕಾತಿಗೆ ತಯಾರಿ ನಡೆಸುವವರಿಗೆ ನಾನು ಹೇಳಬೇಕಾದ್ದೇ ಇಲ್ಲ. ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1,600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರ್ ದೂರವನ್ನು 2 ನಿಮಿಷದೊಳಗೆ ಓಡಬೇಕು. ಲಿಖಿತ ಪರೀಕ್ಷೆಗೆ ಧಾರವಾಡ, ವಿಜಯಪುರದಲ್ಲಿ ಬೇಕಾದಷ್ಟು ಕೋಚಿಂಗ್ ಸೆಂಟರ್‌ಗಳಿವೆ. ಓಟಕ್ಕೆ? ತಾಲ್ಲೂಕು ಮೈದಾನದಲ್ಲಿ ನಸುಕಿನಲ್ಲಿ ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಯಾರೋ ಒಬ್ಬ ನಿವೃತ್ತ ಸೈನಿಕರು, ಯಾರೋ ಒಬ್ಬ ಪಿ.ಟಿ. ಮಾಸ್ತರು. ಅವರು 'ಇನ್ನ ಹತ್ತ ಸೆಕೆಂಡ್ ಕಡಿಮಿ ಆಗಬೇಕಲೇ ತಮ್ಮಾ' ಎಂದು ಗದರದೇ ಇದ್ದಿದ್ದರೆ ಎಷ್ಟೋ ಮನೆಗಳಿಗೆ ಇವತ್ತು ತಿಂಗಳ ಪಗಾರ ಬರುತ್ತಿರಲಿಲ್ಲ.

ಒಬ್ಬರು ಹೋದರೆ ಸಂಘವೇ ಹೋಗುತ್ತದೆ

ಇಂಡಿ ತಾಲ್ಲೂಕಿನ ನಮ್ಮೂರಿನಲ್ಲಿ ಒಂದು ಕಾಲಕ್ಕೆ ಹುಡುಗಿಯರ ಖೋ ಖೋ ತಂಡ ಇತ್ತು. ಅದನ್ನು ಕಟ್ಟಿದ್ದು ಬಿ.ಎ. ಓದಿ, ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅಕ್ಕ ಒಬ್ಬರು. ಆಡಲು ಬರುವ ಹುಡುಗಿಯರ ತಾಯಂದಿರನ್ನು ಒಪ್ಪಿಸಿದ್ದು ಅವರೇ, ಟ್ರ್ಯಾಕ್ ಪ್ಯಾಂಟ್ ಹೊಲಿದು ಕೊಟ್ಟಿದ್ದೂ ಅವರೇ. ಹೊರಗಿನ ಊರಿಗೆ ಪಂದ್ಯಕ್ಕೆ ಹೋದಾಗ ರಾತ್ರಿ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಮನೆ ಬಾಗಿಲಿಗೆ ಮುಟ್ಟಿಸಿದ ಮೇಲೆಯೇ ಅವರು ತಮ್ಮ ಮನೆಗೆ ಹೋಗುತ್ತಿದ್ದರು. ಐದಾರು ವರ್ಷ ಹೀಗೆ ನಡೆಯಿತು. ಅವರ ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಒಂದೇ ವರ್ಷದಲ್ಲಿ ತಂಡ ನಿಂತಿತು. ಕಂಬಗಳು ಇನ್ನೂ ಇವೆ, ಈಗ ಅವಕ್ಕೆ ಎಮ್ಮೆ ಕಟ್ಟುತ್ತಾರೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಬೇಸರ ಅಷ್ಟಿರುತ್ತಿರಲಿಲ್ಲ. ಆ ಅಕ್ಕ ಹೋದ ಊರಿನಲ್ಲಿ ಒಂದು ಖಾಸಗಿ ಶಾಲೆಗೆ ಆಟ ಕಲಿಸುವವರು ಬೇಕಾಗಿದ್ದರು. ಅವರು ಅರ್ಜಿ ಹಾಕಿದರು. ಶಾಲೆಯವರು 'ಅನುಭವದ ಪ್ರಮಾಣಪತ್ರ ಇದೆಯೇ' ಎಂದು ಕೇಳಿದರು. ಇರಲಿಲ್ಲ. ಐದಾರು ವರ್ಷದ ದುಡಿಮೆಗೆ ಸಾಕ್ಷಿಯಾಗಿ ಒಂದು ಹಾಳೆಯೂ ಇರಲಿಲ್ಲ. ಸಂಘಕ್ಕೆ ನೋಂದಣಿ ಇಲ್ಲ, ಹಾಜರಿ ಪುಸ್ತಕ ಇಲ್ಲ, ಮೊಹರು ಇಲ್ಲ. ಕೆಲಸ ಸಿಗಲಿಲ್ಲ.

ಆ ಶಾಲೆಯನ್ನು ದೂರಿ ಪ್ರಯೋಜನವಿಲ್ಲ. ಯಾವ ಶಾಲೆಯಾದರೂ ಅದನ್ನೇ ಕೇಳುತ್ತದೆ. ಅವರ ಕೆಲಸವನ್ನು ಕಣ್ಣಾರೆ ಕಂಡ ಊರು, ಪಂಚಾಯ್ತಿ, ಶಾಲೆ ಯಾರೂ ಅದನ್ನು ಬರೆದಿಡಲಿಲ್ಲ ಎಂಬುದೇ ಸಮಸ್ಯೆ. 'ಗುರುತಿಸುವುದು' ಎಂದರೆ ಸನ್ಮಾನ ಎಂದೇ ನಾವು ತಿಳಿದಿದ್ದೇವೆ. ಗುರುತಿಸುವುದು ಎಂದರೆ ಮೊದಲು ಬರೆದಿಡುವುದು.

ನಮ್ಮ ಪಾಯಿಂಟ್, ಅವರ ಶೂನ್ಯ

ನಾನು ಬಿ.ಇ. ವಿದ್ಯಾರ್ಥಿ. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆಯಬೇಕಾದರೆ ಅಂಕಗಳ ಜತೆಗೆ 100 ಎಐಸಿಟಿಇ ಚಟುವಟಿಕೆ ಪಾಯಿಂಟ್‌ಗಳನ್ನೂ ಗಳಿಸಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಹಳ್ಳಿಗೆ ಹೋಗಿ ಸ್ವಚ್ಛತೆ ಮಾಡಿದರೆ, ಗಿಡ ನೆಟ್ಟರೆ, ಸಮೀಕ್ಷೆ ನಡೆಸಿದರೆ ಪಾಯಿಂಟ್ ಸಿಗುತ್ತದೆ. ಫೋಟೊ, ವರದಿ, ಸಹಿ ಎಲ್ಲವೂ ಇರಬೇಕು. ಇದು ಒಳ್ಳೆಯ ನಿಯಮವೇ. ಸಮಾಜಕ್ಕಾಗಿ ಮಾಡಿದ ಕೆಲಸಕ್ಕೂ ಲೆಕ್ಕ ಇರಬೇಕು ಎಂದು ಅದು ಒಪ್ಪಿಕೊಂಡಿದೆ.

ಆದರೆ ಒಮ್ಮೆ ಯೋಚಿಸಿ. ನಾವು ಒಂದು ಭಾನುವಾರ ಪೊರಕೆ ಹಿಡಿದರೆ ದಾಖಲೆಯಾಗುತ್ತದೆ. ಅದೇ ಹಳ್ಳಿಯಲ್ಲಿ ಇಪ್ಪತ್ತು ವರ್ಷ ಪ್ರತಿ ನಸುಕಿನಲ್ಲಿ ಗರಡಿ ಗುಡಿಸಿದವರಿಗೆ ದಾಖಲೆ ಇಲ್ಲ. ಕಾಲೇಜಿನಲ್ಲಿ ಓದುವವರ ಸೇವೆ ಮಾತ್ರ ಸೇವೆಯೇ? ಅವರ ಇಪ್ಪತ್ತು ವರ್ಷಕ್ಕೆ ನಮ್ಮ ಹಾಗೆ ಪಾಯಿಂಟ್ ಹಾಕಿದ್ದರೆ ಎಷ್ಟು ಪದವಿ ಕೊಡಬೇಕಾಗುತ್ತಿತ್ತು?

ಪ್ರಶಸ್ತಿಗಳಿವೆಯಲ್ಲ ಎನ್ನುವವರಿಗೆ

ಕ್ರೀಡೆಗೆ ನಮ್ಮಲ್ಲಿ ಪ್ರಶಸ್ತಿಗಳ ಕೊರತೆ ಇಲ್ಲ. ಅರ್ಜುನ ಪ್ರಶಸ್ತಿ 1961ರಿಂದ ಇದೆ, ಕೋಚ್‌ಗಳಿಗೆ ದ್ರೋಣಾಚಾರ್ಯ 1985ರಿಂದ ಇದೆ. ಕ್ರೀಡೆಗೆ ಬೆಂಬಲ ಕೊಡುವ ಸಂಸ್ಥೆಗಳಿಗಾಗಿ ಕೇಂದ್ರ ಸರ್ಕಾರ 2009ರಲ್ಲಿ ರಾಷ್ಟ್ರೀಯ ಖೇಲ್ ಪ್ರೋತ್ಸಾಹನ ಪುರಸ್ಕಾರ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಏಕಲವ್ಯ ಪ್ರಶಸ್ತಿ, ದೇಸಿ ಆಟಗಳ ಸಾಧಕರಿಗೆ ಕ್ರೀಡಾ ರತ್ನ, ಸಂಸ್ಥೆಗಳಿಗೆ ಕ್ರೀಡಾ ಪೋಷಕ ಪ್ರಶಸ್ತಿ ಇವೆ. ಎಲ್ಲವೂ ಬೇಕಾದವೇ.

ಆದರೆ ಇವೆಲ್ಲ ಏಣಿಯ ಮೇಲಿನ ಮೆಟ್ಟಿಲುಗಳು. ಆಟಗಾರನಿಗೆ ಪದಕ ಬೇಕು, ಕೋಚ್‌ಗೆ ಪದಕ ಗೆದ್ದ ಶಿಷ್ಯರು ಬೇಕು, ಸಂಸ್ಥೆಗೆ ಕಚೇರಿ, ಕಾಗದಪತ್ರ ಬೇಕು. ಊರ ಮೈದಾನದಲ್ಲಿ ಮೊದಲ ಮೆಟ್ಟಿಲು ಹಿಡಿದು ನಿಂತವರ ಬಳಿ ಈ ಮೂರೂ ಇರುವುದಿಲ್ಲ. ಅವರು ಬೆಳೆಸಿದ ಒಳ್ಳೆಯ ಹುಡುಗನನ್ನು ಕ್ರೀಡಾ ವಸತಿನಿಲಯ ಆಯ್ದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಅವನು ಇನ್ನೊಬ್ಬರ ಶಿಷ್ಯ. ಇದರಲ್ಲಿ ತಪ್ಪೇನೂ ಇಲ್ಲ, ಹಾಗೇ ಆಗಬೇಕು. ಆದರೆ ಅಂಥ ಹತ್ತು ಹುಡುಗರನ್ನು ಕಳಿಸಿಕೊಟ್ಟವರ ಲೆಕ್ಕ ಯಾರ ಬಳಿಯೂ ಇಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಭಾರತದ ಪುರುಷರು, ಮಹಿಳೆಯರು ಇಬ್ಬರೂ ಗೆದ್ದರು. ನಮ್ಮ ರಾಜ್ಯದ ಎಂ.ಕೆ. ಗೌತಮ್, ಬಿ. ಚೈತ್ರಾ ಆ ತಂಡಗಳಲ್ಲಿದ್ದರು. ಟಿ.ವಿ.ಯಲ್ಲಿ ಆ ಪಂದ್ಯ ಮ್ಯಾಟ್ ಮೇಲೆ, ಬಣ್ಣದ ದೀಪಗಳ ಕೆಳಗೆ ನಡೆಯಿತು. ಆದರೆ ಖೋ ಖೋ ಬದುಕಿ ಉಳಿದದ್ದು ಇಷ್ಟು ವರ್ಷ ಶಾಲೆಯ ಅಂಗಳದ ಮಣ್ಣಿನಲ್ಲಿ. ಆ ಮಣ್ಣನ್ನು ಹಸನಾಗಿಟ್ಟವರು ಬೇಸತ್ತು ಕೈಬಿಟ್ಟಿದ್ದರೆ ಮ್ಯಾಟ್ ಮೇಲೆ ಓಡಲು ಯಾರಿರುತ್ತಿದ್ದರು?

ಬೇರೆ ದೇಶಗಳಲ್ಲಿ ಇದನ್ನು ಸಣ್ಣ ಆಟಗಳವರೂ ಅರಿತಿದ್ದಾರೆ. ಕ್ರೋಕೆ ಎಂಬ ಆಟ ಇದೆ. ಹುಲ್ಲಿನ ಮೇಲೆ ಮರದ ಸುತ್ತಿಗೆಯಿಂದ ಚೆಂಡು ಹೊಡೆದು ಸಣ್ಣ ಕಮಾನಿನೊಳಗೆ ನುಗ್ಗಿಸುವ ಆಟ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇತ್ತು, ಈಗ ಅದನ್ನು ಆಡುವವರು ಕಡಿಮೆ. ಇಂಗ್ಲೆಂಡಿನಲ್ಲಿ ಆ ಆಟದ ಸಂಸ್ಥೆಯು ಊರೂರಿನ ಕ್ಲಬ್‌ಗಳಲ್ಲಿ ಹುಲ್ಲು ಕತ್ತರಿಸುವ, ಲೆಕ್ಕ ಬರೆಯುವ, ಹೊಸಬರಿಗೆ ಕಲಿಸುವ ಸ್ವಯಂಸೇವಕರನ್ನು ಹುಡುಕಿ ಪ್ರಶಸ್ತಿಪತ್ರ ಕೊಡುವ ಪದ್ಧತಿ ಇಟ್ಟುಕೊಂಡಿದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸುಮಾರು 70,000 ಸ್ವಯಂಸೇವಕರಿದ್ದರು. ಅವರನ್ನು 'ಕ್ರೀಡಾಕೂಟ ಕಟ್ಟುವವರು' ಎಂಬ ಅರ್ಥದ ಹೆಸರಿನಿಂದಲೇ ಕರೆದರು. ಬೆರಳೆಣಿಕೆಯ ಜನ ಆಡುವ ಆಟಕ್ಕೇ ಇಷ್ಟು ಕಾಳಜಿ ಇದ್ದರೆ, ಇಡೀ ಊರೇ ನಿಂತು ನೋಡುವ ಕುಸ್ತಿ, ಕಬಡ್ಡಿಗೆ ನಮ್ಮಲ್ಲಿ ಏಕಿಲ್ಲ?

ಸೇವೆಗೆ ಹೆಸರು ಏಕೆ ಬೇಕು?

ಈ ಮಾತನ್ನು ನಾನು ನಮ್ಮೂರಿನ ಗರಡಿ ನೋಡಿಕೊಳ್ಳುವ ಕಾಕಾ ಅವರ ಮುಂದೆ ಹೇಳಿದೆ. ಅವರು ನಕ್ಕುಬಿಟ್ಟರು. 'ಇದರಾಗ ಸನ್ಮಾನ ಮಾಡೂದು ಏನೈತಿ ತಮ್ಮಾ? ಹನುಮಪ್ಪನ ಸೇವಾ ಅದು. ಹುಡುಗ್ರು ಶೆರೆ ಅಂಗಡಿ ಕಡೆ ಹೋಗದ ಇಲ್ಲಿ ಬಂದ್ರ ಸಾಕು' ಎಂದರು.

ಅವರ ದೊಡ್ಡತನಕ್ಕೆ ಕೈ ಮುಗಿಯುತ್ತೇನೆ. ಆದರೆ ಅವರು ಕೇಳುವುದಿಲ್ಲ ಎಂಬುದು ನಾವು ಕೊಡದೇ ಇರಲು ಕಾರಣವಾಗಬಾರದು. ಬಸವಣ್ಣನವರು ಹುಟ್ಟಿದ ನೆಲ ನಮ್ಮದು. ಕಾಯಕಕ್ಕೆ ಅವರು ಕೊಟ್ಟ ಬೆಲೆ ಏನು ಎಂದು ಬಾಗೇವಾಡಿಯ ಮಕ್ಕಳಿಗೂ ಗೊತ್ತು. ಮಾಡುವವರು ಫಲ ಬಯಸದೇ ಮಾಡಬಹುದು, ನೋಡುವವರು ಅದನ್ನು ಕಂಡೂ ಕಾಣದಂತೆ ಇರಬೇಕು ಎಂದು ಕಾಯಕ ತತ್ವ ಎಲ್ಲೂ ಹೇಳುವುದಿಲ್ಲ. ಯಾವ ಕೆಲಸವನ್ನು ಜನ ಕೀಳು ಎಂದು ಕಾಣುತ್ತಿದ್ದರೋ ಅದಕ್ಕೆ ಗೌರವ ತಂದಿದ್ದೇ ಆ ಚಳವಳಿಯ ಹೆಚ್ಚುಗಾರಿಕೆ.

ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಯೂ ನಮ್ಮ ಭಾಗದಲ್ಲೇ ಇದೆ. ಹಲಸಂಗಿ ಗೆಳೆಯರು ಊರೂರು ತಿರುಗಿ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಹಾಡುಗಳನ್ನು ಸಂಗ್ರಹಿಸಿದರು. ಅವರಿಗೆ ಯಾರೂ ಪಗಾರ ಕೊಡಲಿಲ್ಲ. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಗಿ ಬಂತು. ಮಧುರಚೆನ್ನ, ಸಿಂಪಿ ಲಿಂಗಣ್ಣ ಅವರ ಹೆಸರುಗಳು ಇವತ್ತಿಗೂ ಉಳಿದಿವೆ, ಏಕೆಂದರೆ ಅವರ ಕೆಲಸ ಕಾಗದದ ಮೇಲೆ ಉಳಿಯಿತು. ಗರಡಿಯ ಉಸ್ತಾದರ ಕೆಲಸ ಹುಡುಗರ ಮೈಯಲ್ಲಿ ಉಳಿಯುತ್ತದೆ. ಆ ಹುಡುಗರು ಪುಣೆಗೋ ಗೋವಾಕ್ಕೋ ಬೆಂಗಳೂರಿಗೋ ದುಡಿಯಲು ಹೋದರೆ ಅದೂ ಅಳಿಸಿಹೋಗುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 'ಸನ್ಮಾನಗಳು ಈಗಲೇ ಅತಿಯಾಗಿವೆ. ಶುರು ಮಾಡಿದರೆ ದುಡ್ಡು ಕೊಟ್ಟವರು, ಪಕ್ಷದವರು, ಕಮಿಟಿ ಅಧ್ಯಕ್ಷರ ಬೀಗರು ಇವರೇ ವೇದಿಕೆ ಹತ್ತುತ್ತಾರೆ' ಎಂದು ಗೆಳೆಯನೊಬ್ಬ ಹೇಳಿದ. ಈ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಫ್ಲೆಕ್ಸ್‌ಗಳಲ್ಲಿ ಯಾರ ಮುಖ ದೊಡ್ಡದಿರುತ್ತದೆ ಎಂದು ನಾವೆಲ್ಲ ನೋಡಿದ್ದೇವೆ. ಅದಕ್ಕಾಗಿಯೇ ಆಯ್ಕೆಯ ನಿಯಮ ಮೊದಲು ಬರಬೇಕು, ಶಾಲು ಆಮೇಲೆ.

ಹೀಗೆ ಮಾಡಬಹುದಲ್ಲವೇ?

ಮೊದಲನೆಯದು, ತಾಲ್ಲೂಕಿಗೊಂದು ದಾಖಲೆ ಪುಸ್ತಕ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರು ದಸರಾ ಕ್ರೀಡಾಕೂಟಕ್ಕೆ ತಾಲ್ಲೂಕು ಮಟ್ಟದಲ್ಲಿ ತಂಡಗಳನ್ನು ಕರೆದೇ ಕರೆಯುತ್ತಾರೆ. ತಂಡದ ಆಟಗಾರರ ಹೆಸರು ಬರೆಯುವ ಅರ್ಜಿಯಲ್ಲೇ 'ಈ ತಂಡವನ್ನು ತಯಾರು ಮಾಡಿದವರು ಯಾರು, ಎಷ್ಟು ವರ್ಷದಿಂದ' ಎಂಬ ಒಂದು ಸಾಲು ಸೇರಿಸಿದರೆ ಸಾಕು. ಖರ್ಚಿಲ್ಲದೆ ಮೂರ್ನಾಲ್ಕು ವರ್ಷದಲ್ಲಿ ಒಂದು ಪಟ್ಟಿ ತಯಾರಾಗುತ್ತದೆ.

ಎರಡನೆಯದು, ಸೇವಾ ಪ್ರಮಾಣಪತ್ರ. ಪಟ್ಟಿಯಲ್ಲಿ ಸತತ ಮೂರು ವರ್ಷ ಹೆಸರಿದ್ದವರಿಗೆ ಇಲಾಖೆಯ ಮೊಹರಿನೊಂದಿಗೆ ಒಂದು ಹಾಳೆ. ಅದರಲ್ಲಿ ಹೊಗಳಿಕೆ ಬೇಡ. ಯಾವ ಆಟ, ಯಾವ ಊರು, ಎಷ್ಟು ವರ್ಷ, ಎಷ್ಟು ಆಟಗಾರರು ಎಂಬ ವಿವರ ಇದ್ದರೆ ಸಾಕು. ನಮ್ಮೂರ ಅಕ್ಕನಂಥವರ ಕೈಯಲ್ಲಿ ಆ ಹಾಳೆ ಇರಬೇಕು.

ಮೂರನೆಯದು, ವರ್ಷಕ್ಕೊಂದು ದಿನ. ಧ್ಯಾನ್‌ಚಂದ್ ಅವರ ಜನ್ಮದಿನವಾದ ಆಗಸ್ಟ್ 29 ರಾಷ್ಟ್ರೀಯ ಕ್ರೀಡಾ ದಿನ. ಅವತ್ತು ತಾಲ್ಲೂಕು ಮೈದಾನದಲ್ಲಿ ಆಟಗಾರರಿಗೆ ಬಹುಮಾನ ಕೊಡುವಾಗ ಸ್ವಯಂಸೇವಕರನ್ನೂ ಕರೆಯಲಿ. ಹೆಸರು ಸೂಚಿಸುವವರು ಆಟಗಾರರೇ ಆಗಿರಲಿ, ಕಮಿಟಿಯವರಲ್ಲ. ಹಣ ಕೊಟ್ಟವರಿಗೆ, ಪಕ್ಷದ ಪದಾಧಿಕಾರಿಗಳಿಗೆ ಇದರಲ್ಲಿ ಜಾಗ ಬೇಡ. ಹೆಸರುಗಳನ್ನು ಹದಿನೈದು ದಿನ ಮೊದಲೇ ಪಂಚಾಯ್ತಿ ಕಟ್ಟೆಯ ಮೇಲೆ ಅಂಟಿಸಲಿ, ಊರವರು ತಕರಾರು ಇದ್ದರೆ ಹೇಳಲಿ. ಹೆಣ್ಣುಮಕ್ಕಳ ತಂಡ ಕಟ್ಟಿದವರು ಪ್ರತಿ ತಾಲ್ಲೂಕಿನಿಂದ ಒಬ್ಬರಾದರೂ ಇರಲಿ.

ನಾಲ್ಕನೆಯದು, ಕೊಡುವ ವಸ್ತು ಉಪಯೋಗಕ್ಕೆ ಬರಲಿ. ಮನೆಯಲ್ಲಿ ಶಾಲುಗಳ ಗಂಟು ಕಟ್ಟಿಡುವುದಕ್ಕಿಂತ ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಅದನ್ನು ಬಳಸುವ ಎರಡು ದಿನದ ತರಬೇತಿ, ಒಂದು ಸ್ಟಾಪ್‌ವಾಚ್, ರೆಫರಿ ಪರೀಕ್ಷೆಯ ಶುಲ್ಕ, ತಂಡ ಕರೆದುಕೊಂಡು ಹೋಗುವಾಗಿನ ಬಸ್ ಚಾರ್ಜು ಇವೇ ದೊಡ್ಡ ಸನ್ಮಾನ. ಕಾಲು ಉಳುಕಿದ ಹುಡುಗನನ್ನು ಹೇಗೆ ಎತ್ತಬೇಕು ಎಂದು ಸರಿಯಾಗಿ ಗೊತ್ತಿರುವ ಒಬ್ಬರು ಪ್ರತಿ ಮೈದಾನದಲ್ಲಿ ಇದ್ದರೆ ತಂದೆತಾಯಿಗಳೂ ಧೈರ್ಯದಿಂದ ಮಕ್ಕಳನ್ನು ಕಳಿಸುತ್ತಾರೆ.

ನಮ್ಮ ಪಾಲಿನ ಕೆಲಸ

ಇಲಾಖೆ ಮಾಡಲಿ, ಸರ್ಕಾರ ಮಾಡಲಿ ಎಂದು ಬರೆದು ಸುಮ್ಮನಾಗುವುದು ಸುಲಭ. ಆದರೆ ಇದರಲ್ಲಿ ನಮ್ಮ ಪಾಲೂ ಇದೆ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ತಮ್ಮೂರಿಗೆ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರಂಥವರು ತಾವಾಗಿ ಅರ್ಜಿ ಹಿಡಿದು ದೆಹಲಿಗೆ ಹೋಗುವವರಲ್ಲ. ಬೇರೆ ಯಾರೋ ಅವರನ್ನು ಕಂಡು, ಬರೆದು, ನಾಲ್ಕು ಜನಕ್ಕೆ ತಿಳಿಸಿದ್ದರಿಂದಲೇ ಅವರ ಕೆಲಸ ದೇಶಕ್ಕೆ ಗೊತ್ತಾಯಿತು. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ಆನ್‌ಲೈನ್‌ನಲ್ಲಿ ಸೂಚಿಸಬಹುದು. ಅಷ್ಟು ದೊಡ್ಡದಕ್ಕೆ ಆಗುವುದು ತಾಲ್ಲೂಕಿನ ಒಂದು ಪ್ರಮಾಣಪತ್ರಕ್ಕೆ ಆಗುವುದಿಲ್ಲವೇ?

ನಮ್ಮ ಚಟುವಟಿಕೆ ಪಾಯಿಂಟ್‌ಗಳ ಗಂಟೆಗಳನ್ನೇ ಇದಕ್ಕೆ ಬಳಸೋಣ. ಎನ್ಎಸ್ಎಸ್ ಶಿಬಿರಕ್ಕೆ ಹಳ್ಳಿಗೆ ಹೋದಾಗ ಆ ಊರಿನ ಆಟದ ಸಂಘ ಯಾವುದು, ಅದನ್ನು ನಡೆಸುವವರು ಯಾರು ಎಂದು ಕೇಳಿ ಒಂದು ಪುಟ ಬರೆಯೋಣ. ಅವರಿಗೆ ಹಾಜರಿ ಪುಸ್ತಕ ಇಡಲು, ಸಂಘ ನೋಂದಣಿ ಮಾಡಿಸಲು, ಬ್ಯಾಂಕ್ ಖಾತೆ ತೆರೆಯಲು ನೆರವಾಗೋಣ. ಕಾಗದಪತ್ರದ ಕೆಲಸ ಅವರಿಗೆ ಭಾರ, ನಮಗೆ ಒಂದು ಮಧ್ಯಾಹ್ನದ ಕೆಲಸ. ಮೊಬೈಲ್‌ನಲ್ಲೇ ಒಂದು ಎಕ್ಸೆಲ್ ಶೀಟ್ ಮಾಡಿದರೆ ನಾಲ್ಕು ತಾಲ್ಲೂಕುಗಳ ಪಟ್ಟಿ ಒಂದು ಸೆಮಿಸ್ಟರ್‌ನಲ್ಲಿ ಮುಗಿಯುತ್ತದೆ. ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇನ್ನೊಂದು ಮಾತು. ನೀವು ಈಗಾಗಲೇ ಊರಿನ ತಂಡಕ್ಕೆ ದುಡಿಯುತ್ತಿದ್ದರೆ ದಿನಾಂಕ, ಪಂದ್ಯ, ಆಟಗಾರರ ಹೆಸರನ್ನು ಇವತ್ತಿನಿಂದಲೇ ಬರೆದಿಡಿ. ಶಾಲೆಯ ಮುಖ್ಯೋಪಾಧ್ಯಾಯರಿಂದ ವರ್ಷಕ್ಕೊಮ್ಮೆ ಸಹಿ ಹಾಕಿಸಿಕೊಳ್ಳಿ. ಅದು ಸ್ವಾರ್ಥ ಅಲ್ಲ, ನಿಮ್ಮ ದುಡಿಮೆಯ ಲೆಕ್ಕ.

ಇದನ್ನು ಓದುತ್ತಿರುವ ನೀವು ಖೋ ಖೋ ಆಡಿರಬಹುದು, ಸೈಕಲ್ ತುಳಿದಿರಬಹುದು, ಪೊಲೀಸ್ ಓಟಕ್ಕೆ ತಯಾರಿ ನಡೆಸುತ್ತಿರಬಹುದು. ನಿಮ್ಮ ಮೈದಾನಕ್ಕೆ ಸುಣ್ಣದ ಗೆರೆ ಹಾಕಿದವರು ಯಾರು ಎಂದು ನಿಮಗೆ ಗೊತ್ತಿದೆ. ಮುಂದಿನ ಆಗಸ್ಟ್ 29ರೊಳಗೆ ಅವರ ಹೆಸರು, ಊರು, ಆಟ, ಅವರು ದುಡಿದ ವರ್ಷಗಳನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ತಾಲ್ಲೂಕಿನ ಕ್ರೀಡಾ ಅಧಿಕಾರಿಗೆ ಕೊಡಿ. ಒಂದು ಪ್ರತಿಯನ್ನು ಅವರ ಕೈಗೂ ಕೊಡಿ. ಅಷ್ಟು ಮಾಡಲು ಯಾರ ಆದೇಶವೂ ಬೇಕಿಲ್ಲ.